ನಿಮಗಿದು ಗೊತ್ತೇ? ಕಾಫಿ ತೋಟ ಕಾರ್ಡಿಗಿಳಿದಾಗ

◆ ಕ್ರಿಸ್‌ಮಸ್ ಕಾರ್ಡನ್ನು ಮೊದಲು ಅಚ್ಚು ಹಾಕಿಸಿ ಮಾರಿದ್ದು 1843ರಲ್ಲಿ, ಲಂಡನ್ನಿನ ಹೆನ್ರಿ ಕೋಲ್. ಚಿತ್ರ ಬರೆದವರು ಜಾನ್ ಹಾರ್ಸ್‌ಲಿ. ಕಂಪ್ಯೂಟರಿನಲ್ಲೇ ಕಳಿಸುವ ಇ-ಕಾರ್ಡ್ ಹುಟ್ಟಿದ್ದು 1994ರಲ್ಲಿ, ಅಮೆರಿಕದ ಎಂಐಟಿಯಲ್ಲಿ.

◆ ಟ್ಯಾಬ್ಲೆಟ್‌ನಲ್ಲಿ ಕಾರ್ಡಿಗೆ ಕಾಫಿ ಗಿಡ ಬರೆಯುತ್ತೀರಾ? ಒಂದೇ ರೆಂಬೆಯಲ್ಲಿ ಬಿಳಿ ಹೂವನ್ನೂ ಕೆಂಪು ಹಣ್ಣನ್ನೂ ಒಟ್ಟಿಗೆ ಇಟ್ಟರೆ ಮೂಡಿಗೆರೆಯ ಬೆಳೆಗಾರರು ನಕ್ಕುಬಿಡುತ್ತಾರೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂರು-ನಾಲ್ಕು ದಿನದಲ್ಲಿ ಹೂ ಬಾಡಿತು. ಅರೇಬಿಕಾ ಹಣ್ಣಾಗಲು ನವೆಂಬರ್ ಬರಬೇಕು, ರೋಬಸ್ಟಾ ಇನ್ನೂ ತಡ. ಅಂದಮೇಲೆ ಯುಗಾದಿ ಕಾರ್ಡಿಗೆ ಹೂವು, ಸಂಕ್ರಾಂತಿ ಕಾರ್ಡಿಗೆ ಹಣ್ಣು. ಎಲೆಯಲ್ಲೂ ಗುರುತಿದೆ: ಅರೇಬಿಕಾದ್ದು ಚಿಕ್ಕದು, ಕಡುಹಸಿರು, ರೋಬಸ್ಟಾದ್ದು ಅಗಲ, ಮೈಯೆಲ್ಲ ಅಲೆಅಲೆ. ಅಂತರ್ಜಾಲದ ರೆಡಿಮೇಡ್ ಚಿತ್ರಗಳಲ್ಲಿ ಬಿಸಿಲಿಗೆ ಬಿದ್ದ ಬ್ರೆಜಿಲ್ ಸಾಲುಗಳೇ ಹೆಚ್ಚು. ನಮ್ಮಲ್ಲಿ ನೆರಳು ಬೇಕು, ಸಿಲ್ವರ್ ಓಕ್ ಬೇಕು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಬೇಕು.

◆ 2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಆ ನೇರಳೆ-ನೀಲಿ ಬಣ್ಣ ಪರದೆಯ ಮೇಲೆ ಜಗಮಗ, ಕಾಗದದ ಮೇಲೆ ಮಂಕು. ಕಾರಣ ಸರಳ: ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಕಟ್ಟುತ್ತದೆ, ಮುದ್ರಣಕ್ಕೆ ಸಯಾನ್, ಮಜೆಂಟಾ, ಹಳದಿ, ಕಪ್ಪು (ಸಿಎಂವೈಕೆ) ಶಾಯಿ. ಆ ಹೊಳಪಿನ ನೀಲಿ ಶಾಯಿಗೆ ದಕ್ಕುವುದೇ ಇಲ್ಲ. ಬರೆಯುವಾಗಲೇ ಸಿಎಂವೈಕೆಯಲ್ಲಿ ಒಮ್ಮೆ ನೋಡಿಕೊಂಡರೆ ಪ್ರೆಸ್‌ನವರ ಜೊತೆ ಜಗಳ ತಪ್ಪುತ್ತದೆ.

◆ ದುಡ್ಡು ಕೊಡದೆ ಸಿಗುವ ಕೃತಾ ತಂತ್ರಾಂಶದಲ್ಲಿ ಮಲ್ಟಿಬ್ರಷ್ ಎಂಬ ಸಾಧನವಿದೆ. ಒಂದು ಗೆರೆ ಎಳೆದರೆ ಸುತ್ತಲೂ ಅದೇ ಗೆರೆ ಮೂಡುತ್ತದೆ. ರಂಗೋಲಿ ಕಾರ್ಡಿಗೆ ಇನ್ನೇನು ಬೇಕು!

◆ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರ ವೆಕ್ಟರ್ ಚಿತ್ರಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲ ನೇರ ಗೆರೆ, ಎಲ್ಲ ಲೆಕ್ಕಾಚಾರ. ವೆಕ್ಟರ್ ಆದ್ದರಿಂದ ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದು. ಆದರೆ ಪುಂಡಿನಾರಿನ ಕುಂಚದ ನಡುಕ ಮಾತ್ರ ಅದರಲ್ಲಿ ಬರುವುದಿಲ್ಲ. ನನಗೆ ಆ ನಡುಕವೇ ಇಷ್ಟ.

◆ ‘ಹುಟ್ಟುಹಬ್ಬ’ದ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಕೂತಿವೆಯೇ? ಫೋಟೊಶಾಪ್‌ನಲ್ಲಿ ಹಳೆಯ ಆವೃತ್ತಿಯಾದರೆ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಒತ್ತಿ ನೋಡಿ. ಯೂನಿಕೋಡ್ ಫಾಂಟ್ ಇರಲಿ. ದಪ್ಪನೆಯ ತಮಾಷೆಯ ಅಕ್ಷರ ಬೇಕಾದರೆ ‘ಬಲೂ ತಮ್ಮ’ ಉಚಿತ.

◆ ಮೂಡಿಗೆರೆಯ ‘ನಿರುತ್ತರ’ ಮನೆಯಲ್ಲಿದ್ದು ಹಕ್ಕಿಗಳ ಬೆನ್ನು ಹತ್ತಿದ ಲೇಖಕ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡದ್ದು 2007ರಲ್ಲಿ. ಅವರ ಬರಹದ ಹಕ್ಕುಸ್ವಾಮ್ಯ 2067ರ ಕೊನೆವರೆಗೂ ಇದೆ. ಛಾಯಾಚಿತ್ರಗಳಿಗೂ ಈಗ ಅದೇ ಲೆಕ್ಕ: ತೀರಿಕೊಂಡ ಮೇಲೆ 60 ವರ್ಷ. ಅವರ ಫೋಟೋದ ಮಿಂಚುಳ್ಳಿಯನ್ನು ಟ್ರೇಸ್ ಮಾಡಿ ಮಾರಬೇಕೆಂದಿದ್ದರೆ ಮೊದಲು ಒಪ್ಪಿಗೆ ಕೇಳಿ. ಅದಕ್ಕಿಂತ, ಕಳಸದಲ್ಲಿ ಭದ್ರೆಯ ದಡಕ್ಕೆ ಹೋಗಿ ಸ್ವಂತ ಮಿಂಚುಳ್ಳಿ ಹುಡುಕುವುದು ವಾಸಿ.

◆ ಎ5 ಹಾಳೆ ಮಡಚಿದರೆ ಎ6 ಕಾರ್ಡ್. 300 ಡಿಪಿಐ ಲೆಕ್ಕದಲ್ಲಿ ಮುಖಪುಟಕ್ಕೆ 1240×1748 ಪಿಕ್ಸೆಲ್. ಕತ್ತರಿಗೆಂದು ಸುತ್ತ 3 ಮಿ.ಮೀ. ಹೆಚ್ಚಿಗೆ ಬಿಡಿ.

◆ ಹಳೆಯ ಕಾಗದದ ಕಳೆ ಬೇಕೆ? ಬಿಳಿ ಹಾಳೆಗೆ ಡಿಕಾಕ್ಷನ್ ಬಳಿದು, ಒಣಗಿಸಿ, ಸ್ಕ್ಯಾನ್ ಮಾಡಿ ಚಿತ್ರದ ಮೇಲೆ ‘ಮಲ್ಟಿಪ್ಲೈ’ ಪದರವಾಗಿ ಹಾಕಿ. ಬಿಳಿ ಮಾಯವಾಗಿ ಕಂದು ಕಲೆ ಮಾತ್ರ ಉಳಿಯುತ್ತದೆ. ಚಿಕೋರಿ ಬೆರೆತ ಪುಡಿಯಾದರೂ ಇಲ್ಲಿ ಯಾರೂ ಬೈಯುವುದಿಲ್ಲ, ಬಣ್ಣ ಇನ್ನಷ್ಟು ಗಾಢ.