ಉಸಿರು ಹಿಡಿಯಬೇಡಿ

ನಾನು ಬೆಳೆದದ್ದು ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿ. ಕೆರೆ ಕೋಡಿ ಬಿದ್ದರೆ ಊರೇ ನೋಡಲು ಹೋಗುತ್ತಿತ್ತು, ಅಷ್ಟು ಅಪರೂಪ. ಅಂಥ ಊರಿನಲ್ಲೂ ನೀರು ನಮ್ಮ ಮನೆಯಿಂದ ಒಂದು ಜೀವ ತೆಗೆದುಕೊಂಡಿತ್ತು. ನಾನು ಹುಟ್ಟುವ ಮೊದಲೇ ಅಮ್ಮನ ತಮ್ಮ ತೋಟದ ಬಾವಿಗೆ ಈಜಲು ಇಳಿದು ಮೇಲೆ ಬರಲಿಲ್ಲ. ಹಾಗಾಗಿ ನನಗೆ ಈಜು ಕಲಿಸುವ ಮಾತೇ ಮನೆಯಲ್ಲಿ ಬರಲಿಲ್ಲ. ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡಿದ ಎರಡು ವರ್ಷ ಕ್ಯಾಂಪಸ್ಸಿನ ಅಂಚಿಗೇ ಸಮುದ್ರವಿದ್ದರೂ ಮೊಣಕಾಲು ಮುಳುಗುವಷ್ಟು ನೀರಿಗೆ ನಾನು ಇಳಿದವನಲ್ಲ.

ಈಗ ಚೆನ್ನೈನಲ್ಲಿ ಸಾಫ್ಟ್‌ವೇರ್ ಕೆಲಸ. ಹೆಂಡತಿ ಹೊನ್ನಾವರದವಳು, ಶರಾವತಿಯಲ್ಲಿ ಈಜಿ ಬೆಳೆದವಳು. ಕಳೆದ ಡಿಸೆಂಬರಿನಲ್ಲಿ ಸ್ಕೂಬಾ ಕೋರ್ಸ್ ಮಾಡುತ್ತೇನೆಂದು ಅಂಡಮಾನಿಗೆ ಟಿಕೆಟ್ ಮಾಡಿಸಿದಳು. ‘ನೀನು ಸುಮ್ಮನೆ ಮರದ ಕೆಳಗೆ ಮಲಗಿರು. ಲ್ಯಾಪ್‌ಟಾಪ್ ಮಾತ್ರ ತರಬೇಡ’ ಎಂದಳು.

ಪೋರ್ಟ್ ಬ್ಲೇರ್‌ನಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಹ್ಯಾವ್‌ಲಾಕ್ ದ್ವೀಪ. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ. ಇಲ್ಲಿಯ ಕಡಲತೀರಗಳಿಗೆ ಹೆಸರಿಗಿಂತ ನಂಬರೇ ಬಳಕೆಯಲ್ಲಿದೆ. ನಾವಿದ್ದದ್ದು ಐದನೇ ನಂಬರಿನ ಬೀಚಿನಲ್ಲಿ, ಡೈವರ್‌ಗಳೇ ಹೆಚ್ಚಾಗಿ ಬರುವ ಒಂದು ರೆಸಾರ್ಟ್‌ನಲ್ಲಿ. ರೆಸಾರ್ಟ್ ಎಂದರೆ ಬಿದಿರಿನ ಗುಡಿಸಲುಗಳು, ಮರಳಿನ ದಾರಿ, ಟಿ.ವಿ. ಇಲ್ಲ. ಮೊಬೈಲ್ ಸಿಗ್ನಲ್ ಊಟದ ಮನೆಯ ಒಂದು ಮೂಲೆಯಲ್ಲಿ ಮಾತ್ರ. ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕಿದಂತೆ ಹಗ್ಗದ ಮೇಲೆ ಸಾಲಾಗಿ ವೆಟ್‌ಸೂಟುಗಳು. ಬಂದ ದಿನ ಬಿಚ್ಚಿದ ಚಪ್ಪಲಿ ಹೊರಡುವ ದಿನವೇ ಬೇಕಾಯಿತು.

ಅಲ್ಲಿ ಗಡಿಯಾರಕ್ಕೆ ಬೆಲೆಯಿಲ್ಲ. ಇಳಿತದಲ್ಲಿ ನೀರು ಬಹಳ ದೂರ ಹಿಂದೆ ಸರಿದು ದೋಣಿಗಳು ಮರಳಿನ ಮೇಲೆ ಕೂತುಬಿಡುತ್ತವೆ. ಹಾಗಾಗಿ ದಿನದ ಕೆಲಸ ನಿಶ್ಚಯವಾಗುವುದು ಭರತ-ಇಳಿತ ನೋಡಿಕೊಂಡು. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಆಮೇಲೆ ಎಲ್ಲರೂ ಉದ್ದನೆಯ ಮೇಜಿಗೆ ಬಂದು ಲಾಗ್‌ಬುಕ್ ಬರೆಯುತ್ತಾರೆ: ಎಷ್ಟು ಆಳ, ಎಷ್ಟು ನಿಮಿಷ, ಯಾವ ಮೀನು. ಅಡುಗೆಯವರು ಬಂಗಾಳಿಗಳು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ಈ ದ್ವೀಪದಲ್ಲಿ ನೆಲೆ ಕಂಡ ಕುಟುಂಬಗಳವರು. ಸಾಸಿವೆ ಹಾಕಿದ ಮೀನು, ಅನ್ನ ಉಂಡು ಒಂಬತ್ತಕ್ಕೆ ದೀಪ ಆರಿಸಿದರೆ ಮುಗಿಯಿತು. ನೀನೇನು ಕೆಲಸ, ಯಾವ ಕಂಪನಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದು ಒಂದೇ: ‘ಇವತ್ತು ನೀರಿಗೆ ಇಳಿದಿರಾ?’

ಇಲ್ಲ, ಇಲ್ಲ ಎಂದು ಎರಡು ದಿನ ಹೇಳಿ ನನಗೇ ಬೇಸರವಾಯಿತು. ಈಜು ಬಾರದವರೂ ಇನ್‌ಸ್ಟ್ರಕ್ಟರ್ ಜೊತೆ ಒಂದು ಸಲ ಇಳಿದು ನೋಡಬಹುದು, ಹೆಚ್ಚೆಂದರೆ 12 ಮೀಟರ್. ಆರೋಗ್ಯದ ಫಾರ್ಮ್ ತುಂಬಬೇಕು. ಆಸ್ತಮಾ ಇದ್ದರೆ ವೈದ್ಯರ ಒಪ್ಪಿಗೆ ಬೇಕು, ನೆಗಡಿಯಿದ್ದರೆ ಇಳಿಯಬಾರದು. ನನ್ನ ಇನ್‌ಸ್ಟ್ರಕ್ಟರ್ ಮಾಯಾಬಂದರ್ ಕಡೆಯ ಕರೆನ್ ಸಮುದಾಯದವರು. ಬ್ರಿಟಿಷರ ಕಾಲದಲ್ಲಿ ಬರ್ಮಾದಿಂದ ಬಂದ ಜನ. ಅವರು ಹೇಳಿದ ಮೊದಲ ನಿಯಮ, ‘ಏನೇ ಆಗಲಿ, ಉಸಿರು ಹಿಡಿಯಬೇಡಿ.’

ಕಾರಣ ಸರಳ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಉಸಿರು ಹಿಡಿದು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಉಪಕರಣ ನೋಡಿ ಎಂಜಿನಿಯರ್ ಬುದ್ಧಿಗೆ ಸ್ವಲ್ಪ ಧೈರ್ಯ ಬಂತು. ಬಾಯಿಗಿಡುವ ರೆಗ್ಯುಲೇಟರ್ ಒಂದಲ್ಲ, ಎರಡು. ಎರಡನೆಯದು ಜೊತೆಗಾರನ ಗಾಳಿ ಮುಗಿದರೆ ಕೊಡಲು. ನಮ್ಮ ಸರ್ವರ್‌ಗಳಿಗೆ ಬ್ಯಾಕಪ್ ಇಡುತ್ತೇವಲ್ಲ, ಹಾಗೆ.

ಬುದ್ಧಿಗೆ ಬಂದ ಧೈರ್ಯ ಎದೆಗೆ ಬರಲಿಲ್ಲ. ಮೊದಲ ಸಲ ಸೊಂಟದಷ್ಟು ನೀರಿನಲ್ಲೇ ಮಾಸ್ಕಿನೊಳಗೆ ನೀರು ಬಂದಾಗ ಗಾಬರಿಯಾಗಿ ಎದ್ದು ನಿಂತೆ. ಎರಡನೇ ಸಲ ಇಳಿದ ಮೇಲೆ ಅವರು ‘ಸರಿಯಾ?’ ಎಂದು ಸನ್ನೆ ಮಾಡಿದರು. ಆಫೀಸಿನ ಅಭ್ಯಾಸದಂತೆ ಹೆಬ್ಬೆರಳು ಎತ್ತಿದೆ. ನೀರಿನೊಳಗೆ ಅದರ ಅರ್ಥ ‘ಮೇಲೆ ಹೋಗೋಣ’. ಪಾಪ, ಮರುಮಾತಿಲ್ಲದೆ ಕರೆದುಕೊಂಡು ಬಂದರು. ದೋಣಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲೇ ಹೆದರಿಕೆ ಸ್ವಲ್ಪ ಸಡಿಲವಾಗಿರಬೇಕು.

ಮೂರನೇ ಸಲ ಎಂಟು ಮೀಟರ್. ಅವರು ನನ್ನ ಸಿಲಿಂಡರ್ ಹಿಡಿದೇ ಇದ್ದರು. ಕೇಳುವುದು ನನ್ನದೇ ಉಸಿರಿನ ಸದ್ದು. ಕಡಲ ಹೂವಿನೊಳಗೆ ಅಡಗಿ ಇಣುಕುವ ಕಿತ್ತಳೆ ಬಣ್ಣದ ಕ್ಲೌನ್ ಮೀನು ಕಂಡೆ. ಪಕ್ಕದಲ್ಲೇ ಸತ್ತ ಹವಳದ ಬೂದು ಗುಡ್ಡೆಯೂ ಇತ್ತು. 2010ರಲ್ಲಿ ಸಮುದ್ರ ಬಿಸಿಯಾದಾಗ ಅಂಡಮಾನಿನ ಹವಳ ಬಹಳಷ್ಟು ಬಿಳಿಚಿಕೊಂಡಿತ್ತು ಎಂದು ರಾತ್ರಿ ಮೇಜಿನಲ್ಲಿ ಕೇಳಿದೆ. ಅದೇ ಬೂದು ಗುಡ್ಡೆಯ ಮೇಲೆ ಅಲ್ಲಲ್ಲಿ ಹೊಸ ಹವಳ ಕೂತಿದ್ದೂ ನಿಜ.

ಕೊನೆಯ ದಿನ ಯಾರಿಗೂ ಕೆಲಸವಿಲ್ಲ. ಹಲವು ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಕಾಯಬೇಕು. ಕಡ್ಡಾಯ ಸೋಮಾರಿತನ! ಹೆಂಡತಿ ಮರದ ನೆರಳಿನಲ್ಲಿ ನಿದ್ದೆ ಹೋದಳು. ನಾನು ಸಿಗ್ನಲ್ ಸಿಗುವ ಮೂಲೆಗೆ ಹೋಗಿ ಊರಿಗೆ ಫೋನ್ ಮಾಡಿದೆ. ಅಮ್ಮನಿಗೆ ಮುಚ್ಚಿಡುವ ಮನಸ್ಸಾಗಲಿಲ್ಲ.

ಬಹಳ ಹೊತ್ತು ಅಮ್ಮ ಮಾತಾಡಲಿಲ್ಲ. ಬೈಯುತ್ತಾಳೆ ಎಂದುಕೊಂಡೆ. ‘ಕೆಳಗೆ ಕತ್ತಲೆ ಇತ್ತೇನಪ್ಪ?’ ಎಂದಳು.

‘ಇಲ್ಲಮ್ಮ, ಬೆಳಕಿತ್ತು. ಎಲ್ಲಾ ಕಾಣ್ತಿತ್ತು.’

‘ಹೌದಾ’ ಎಂದು ಸುಮ್ಮನಾದಳು. ಅವಳು ಯಾರನ್ನು ನೆನೆಸಿಕೊಂಡು ಕೇಳಿದಳೆಂದು ನನಗೆ ಗೊತ್ತಿತ್ತು. ಆಮೇಲೆ, ‘ಮೊದಲು ಈಜು ಕಲಿ. ಕಲೀದೆ ಮತ್ತೆ ಇಳೀಬೇಡ’ ಎಂದಳು.

ಮೂವತ್ತೈದು ವರ್ಷದಲ್ಲಿ ಅಮ್ಮನ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಈಗ ಪ್ರತಿ ಶನಿವಾರ ಬೆಳಿಗ್ಗೆ ಚೆನ್ನೈನ ಈಜುಕೊಳದಲ್ಲಿ ಹತ್ತು ವರ್ಷದ ಮಕ್ಕಳ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.