ಬ್ಯಾರನ್ ಮನೆಯ ಇಂಗ್ಲಿಷು ಇಂಟರ್‌ವ್ಯೂನಲ್ಲಿ ಯಾಕೆ ಬಾಯಿ ಬಿಡಲ್ಲ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ಹೊಗೆಸೊಪ್ಪು ಬೆಳೆಯುವ ಯಾವ ಮನೆಯಲ್ಲಾದರೂ ಕೂತು ಮಾತು ಕೇಳಿ. ಲೈಸೆನ್ಸ್, ಬ್ಯಾರನ್, ಕ್ಯೂರಿಂಗ್, ಗ್ರೇಡ್, ಬೇಲ್, ಪ್ಲಾಟ್‌ಫಾರಂ, ನೋ ಬಿಡ್. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೂ ಈ ಪದಗಳು ಗೊತ್ತು. ಬೇಲ್ ನೋ ಬಿಡ್ ಆಯ್ತು ಅಂದ್ರೆ ಅವತ್ತು ಮನೆಯಲ್ಲಿ ಯಾರ ಮುಖವೂ ಸರಿ ಇರಲ್ಲ. ಇದೇ ಮನೆಯ ಮಗನೋ ಮಗಳೋ ಡಿಗ್ರಿ ಮುಗಿಸಿ ಮೈಸೂರಿನಲ್ಲಿ ಇಂಟರ್‌ವ್ಯೂಗೆ ಕೂತಾಗ, 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದ ಕೂಡಲೇ ನಾಲಿಗೆ ಒಣಗುತ್ತೆ.

ನನಗೂ ಹಾಗೇ ಆಗಿತ್ತು. ಇಂಜಿನಿಯರಿಂಗ್ ವೈವಾದಲ್ಲಿ ಉತ್ತರ ಗೊತ್ತಿದ್ದೂ ಮಾತು ಹೊರಡದೆ ನಿಂತಿದ್ದೆ. ಆಮೇಲೆ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ: ದಪ್ಪ ಡಿಕ್ಷನರಿ ತಗೊಂಡು 'ಎ'ಯಿಂದ ಬಾಯಿಪಾಠ. 'ಅಬೆಯನ್ಸ್'ಗೆ ಬಂದು ನಿಂತೆ. ಪತ್ರಕರ್ತನಾದ ಮೇಲೆ ಆ ಪದವನ್ನು ಸರ್ಕಾರಿ ಆದೇಶಗಳಲ್ಲಿ ಓದಿದ್ದೇನೆ, ಬಾಯಿಂದ ಇವತ್ತಿಗೂ ಬಂದಿಲ್ಲ.

ಎಷ್ಟು ಪದ ಬೇಕು ಅನ್ನೋದಕ್ಕೆ ಲೆಕ್ಕ ಇದೆ. ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಮೈಕೆಲ್ ವೆಸ್ಟ್ ಎಂಬ ಶಿಕ್ಷಣಾಧಿಕಾರಿ ಇದ್ದರು. ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಓದಿಸಲು ಬಳಕೆಯ ಪದಗಳನ್ನಷ್ಟೇ ಆರಿಸುವ ಕೆಲಸಕ್ಕೆ ಇಳಿದವರು ಅವರು. 1953ರಲ್ಲಿ ಅವರ ಸುಮಾರು 2000 ಪದಗಳ ಪಟ್ಟಿ ಪುಸ್ತಕವಾಯಿತು. 2013ರಲ್ಲಿ ಬೇರೆಯವರು ಸಿದ್ಧಪಡಿಸಿದ 'ನ್ಯೂ ಜನರಲ್ ಸರ್ವಿಸ್ ಲಿಸ್ಟ್'ನಲ್ಲಿ ಸುಮಾರು 2800 ಪದಗಳಿವೆ. ಸಾಮಾನ್ಯ ಇಂಗ್ಲಿಷಿನ ಶೇ. 92ರಷ್ಟನ್ನು ಅವೇ ತುಂಬುತ್ತವೆ. ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ತೆಗೆದು ನೋಡಿ, ಡಿಗ್ರಿ ಓದಿದವರಿಗೆ ಅದರಲ್ಲಿ ಬಹುಪಾಲು ಕಣ್ಣಿಗೆ ಪರಿಚಿತ. ಕಷ್ಟ ಇರೋದು ಬಾಯಿಗೆ ತರೋದ್ರಲ್ಲಿ.

ಯಾಕಂದ್ರೆ ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. 'ನಾನು ನಿನ್ನೆ ನಮ್ಮಪ್ಪನ ಜೊತೆ ಹರಾಜಿಗೆ...' ಅಂತ ಎಳೆಯುತ್ತಾ, ಹೋದೆನೋ ಹೋಗಬೇಕಾಯ್ತೋ ಹೋಗಲಿಲ್ಲವೋ ಅಂತ ಕೊನೆಗೆ ತೀರ್ಮಾನಿಸಬಹುದು. ಇಂಗ್ಲಿಷಿನಲ್ಲಿ 'ಐ' ಅಂದ ತಕ್ಷಣ ಅದು ತೀರ್ಮಾನ ಆಗಿರಬೇಕು. ತಲೆಯಲ್ಲಿ ಕನ್ನಡ ವಾಕ್ಯ ಕಟ್ಟಿ ಅನುವಾದ ಮಾಡುವವರು ಎರಡನೇ ಪದದಲ್ಲೇ ಎಡವುತ್ತಾರೆ. ಅದಕ್ಕೇ ಒಂಟಿ ಪದ ಬಿಟ್ಟು ತುಂಡುಗಳನ್ನು ಕಲಿಯಿರಿ: 'ಐ ಯೂಸ್ಡ್ ಟು', 'ಐ ಹ್ಯಾಡ್ ಟು', 'ಐ ವಾಸ್ ಅಬೌಟ್ ಟು', 'ವಾಟ್ ಐ ಮೀನ್ ಈಸ್'. ಇವು ನಾಲಿಗೆ ತುದಿಯಲ್ಲಿದ್ದರೆ ಮುಂದಿನದನ್ನು ಯೋಚಿಸಲು ಒಂದು ಕ್ಷಣ ಸಿಗುತ್ತೆ.

ಮನೆಯಲ್ಲಿ ಇರೋ ಪದಗಳನ್ನೂ ಬಿಡಬೇಡಿ. ಎಲೆ ಕ್ಯೂರ್ ಮಾಡೋದು, ಕಾಯಿಲೆ ಕ್ಯೂರ್ ಆಗೋದು ಒಂದೇ ಪದ. ಹರಾಜಿನ ಬೇಲ್, ಕೋರ್ಟಿನ ಬೇಲ್ ಕಿವಿಗೆ ಒಂದೇ, ಸ್ಪೆಲ್ಲಿಂಗ್ ಬೇರೆ. 'ಅವರ್ ಬೇಲ್ಸ್ ಗಾಟ್ ನೋ ಬಿಡ್, ಸೋ ವಿ ಹ್ಯಾಡ್ ಟು ಟೇಕ್ ದೆಮ್ ಬ್ಯಾಕ್' ಅಂತ ಶುರು ಮಾಡಬಲ್ಲವರ ಹತ್ತಿರ ಹೇಳೋಕೆ ಒಂದು ಕಥೆಯಿದೆ. 'ಮೈ ಹಾಬೀಸ್ ಆರ್' ಅನ್ನೋದಕ್ಕಿಂತ ಸಾವಿರ ಪಾಲು ವಾಸಿ.

ಕಲಿತದ್ದು ಉಳಿಯಬೇಕಲ್ಲ? ಮರೆವು ಮೊದಲ ಕೆಲವು ಗಂಟೆಗಳಲ್ಲಿ ಜೋರು, ಆಮೇಲೆ ನಿಧಾನ ಅಂತ ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ. ಹಾಗಾಗಿ ಒಂದೇ ರಾತ್ರಿ ಐವತ್ತು ಸಲ ಓದೋದು ದಂಡ. ಚೀಟಿಯ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬರೆಯಿರಿ. ತಿರುಗಿಸುವ ಮೊದಲು ಬಾಯಿಬಿಟ್ಟು ಹೇಳಿ. ನಾಳೆ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಮತ್ತೆ ಕೇಳಿಕೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ ಆಂಕಿ ಆ್ಯಪ್ ಇದನ್ನೇ ಪುಕ್ಕಟೆ ಮಾಡುತ್ತೆ.

ಇನ್ನು ಸರಾಗವಾಗಿ ಮಾತಾಡೋಕೆ ನಾನು ಕಂಡಂತೆ ಅತಿ ಹೆಚ್ಚು ಕೆಲಸ ಮಾಡುವ ಅಭ್ಯಾಸ 4-3-2. ಕೀತ್ ಮಾರಿಸ್ ಎಂಬುವರು 1983ರಲ್ಲಿ ವಿವರಿಸಿದ್ದು. ಒಂದೇ ವಿಷಯವನ್ನು ಮೊದಲ ಗೆಳೆಯನಿಗೆ 4 ನಿಮಿಷ, ಎರಡನೆಯವಳಿಗೆ 3, ಮೂರನೆಯವನಿಗೆ 2 ನಿಮಿಷದಲ್ಲಿ ಹೇಳಬೇಕು. ನಡುವೆ ಯಾರೂ ತಿದ್ದಬಾರದು. ನ್ಯೂಜಿಲೆಂಡಿನ ಪಾಲ್ ನೇಷನ್ ಇದನ್ನು ಪರೀಕ್ಷಿಸಿ 1989ರಲ್ಲಿ ಬರೆದರು: ಮೂರನೇ ಸಲಕ್ಕೆ ಮಾತಿನ ವೇಗ ಹೆಚ್ಚಿತ್ತು, ತಡವರಿಕೆ ಇಳಿದಿತ್ತು. ಹುಣಸೂರಿಂದ ಮೈಸೂರಿಗೆ ದಿನಾ ಕಾಲೇಜಿಗೆ ಹೋಗುವವರಿಗೆ ಬಸ್ಸಲ್ಲೇ ಒಂದು ಗಂಟೆ ಸಿಗುತ್ತೆ. ಜೊತೆಗೆ ಯಾರೂ ಇಲ್ಲದಿದ್ದರೆ ಫೋನಿನ ರೆಕಾರ್ಡರ್ ಸಾಕು.

ಬಸ್ಸಲ್ಲಿ ನಗ್ತಾರೆ ಅಂತೀರಾ? ನಗ್ತಾರೆ. ನಮ್ಮಲ್ಲಿ ಇಂಗ್ಲಿಷಿನ ತಪ್ಪು ಬರೀ ವ್ಯಾಕರಣದ ತಪ್ಪಲ್ಲ. ಯಾವ ಊರು, ಯಾವ ಶಾಲೆ, ಎಂಥ ಮನೆ ಅನ್ನೋದೆಲ್ಲ ಆ ಒಂದು ತಪ್ಪಿನಲ್ಲಿ ಬಯಲಾಗುತ್ತೆ. 'ಮೂವತ್ತು ದಿನದಲ್ಲಿ ಇಂಗ್ಲಿಷ್' ಅನ್ನೋ ಕೋಚಿಂಗುಗಳು ಮಾರುತ್ತಿರೋದು ಈ ನಾಚಿಕೆಗೆ ಮದ್ದನ್ನು.

ಸರ್ಕಾರಿ ಶಾಲೆಯಲ್ಲೇ ಇದು ಹೋಗಬೇಕಿತ್ತು. 2007-08ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಮಾತೃಭಾಷಾ ಮಾಧ್ಯಮ ಕಡ್ಡಾಯ ಸಲ್ಲದು ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡುವ ನಿರ್ಧಾರಕ್ಕೆ ದೊಡ್ಡ ಜಗಳವಾಯಿತು. ಜಗಳ ಪೂರ್ತಿ ಮಾಧ್ಯಮದ್ದು. ಮಗು ದಿನಕ್ಕೆ ಎಷ್ಟು ನಿಮಿಷ ಬಾಯಿಬಿಟ್ಟು ಇಂಗ್ಲಿಷ್ ಆಡುತ್ತೆ ಅಂತ ಎರಡೂ ಕಡೆಯವರು ಕೇಳಿದ್ದು ಕಮ್ಮಿ. ಲೆಕ್ಕ ಹಾಕಿ: 40 ನಿಮಿಷದ ಪೀರಿಯಡ್ಡು, 40 ಮಕ್ಕಳು. ಅರ್ಧ ಹೊತ್ತು ಮೇಷ್ಟ್ರೇ ಮಾತಾಡಿ, ಉಳಿದದ್ದರಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿದರೆ ಒಂದು ಮಗುವಿಗೆ 30 ಸೆಕೆಂಡು. ಅದೇ 20 ನಿಮಿಷ ಜೋಡಿ ಮಾಡಿ ಕೂರಿಸಿದರೆ ತಲಾ 10 ನಿಮಿಷ. ಗಲಾಟೆ ಆಗುತ್ತೆ, ಪಕ್ಕದ ಕ್ಲಾಸಿನ ಮೇಡಂ ಬಂದು ಬಾಗಿಲು ಬಡಿಯಬಹುದು.