ಸ್ಟಾರ್ಟ್ ಆಗದೆ ಹಠ ಹಿಡಿದ ಕಾರು

ಸ್ಟಾರ್ಟ್ ಆಗಲು ಸತಾಯಿಸುವ ಕಾರಿನ ಕಾಯಿಲೆ ಎರಡು ಬಗೆಯದು. ಒಂದರಲ್ಲಿ ಸೆಲ್ಫ್ ಮೋಟರ್ ಎಂಜಿನ್ನನ್ನು ತಿರುಗಿಸುವುದೇ ಇಲ್ಲ, ತಿರುಗಿಸಿದರೂ ಏದುಸಿರು ಬಿಡುತ್ತಾ ತಿರುಗಿಸುತ್ತದೆ. ಇನ್ನೊಂದರಲ್ಲಿ ಎಂಜಿನ್ ಸಲೀಸಾಗಿ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಮೊದಲನೆಯದು ಹೆಚ್ಚಾಗಿ ಕರೆಂಟಿನ ತಕರಾರು. ಎರಡನೆಯದು ಇಂಧನದ್ದು, ಕಿಡಿಯದ್ದು ಅಥವಾ ಸೆನ್ಸರಿನದು. ಇದನ್ನು ವಿಂಗಡಿಸಿಕೊಳ್ಳದೆ ಹೊರಟರೆ ಹೊಸ ಬ್ಯಾಟರಿ, ಹೊಸ ಪ್ಲಗ್, ಹೊಸ ಪಂಪ್ ಎಲ್ಲ ಬಂದು ಕೂತ ಮೇಲೂ ಕಾರು ನಿಂತಲ್ಲೇ ನಿಂತಿರುತ್ತದೆ.

ವಿಂಗಡಿಸಲು ಉಪಕರಣ ಬೇಡ, ಕಿವಿ ಸಾಕು. ಕೀ ತಿರುಗಿಸಿದಾಗ ಟಕಟಕಟಕ ಎಂಬ ಸದ್ದು ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ, ಬ್ಯಾಟರಿಯಲ್ಲಿ ಬಲವಿಲ್ಲ ಅಥವಾ ಇರುವ ಬಲ ಮೋಟರಿಗೆ ತಲುಪುತ್ತಿಲ್ಲ. ಮೋಟರಿಗೆ ಕರೆಂಟ್ ಹಾಯಿಸುವ ಸ್ವಿಚ್ಚಾದ ಸೊಲೆನಾಯ್ಡ್ ಹಿಡಿದುಕೊಳ್ಳುತ್ತದೆ, ಮೋಟರ್ ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಆ ಸದ್ದು ಇದರದೇ. ಒಂದೇ ಒಂದು ಗಟ್ಟಿ ‘ಟಕ್’ ಕೇಳಿಸಿ ದೀಪಗಳು ಮಂಕಾಗದೆ ಉಳಿದರೆ ಅನುಮಾನ ಸೆಲ್ಫ್ ಮೋಟರಿನ ಮೇಲೆ: ಕಾರ್ಬನ್ ಬ್ರಷ್ ಸವೆದಿರಬಹುದು, ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿರಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಕ್ಲಚ್ ಸ್ವಿಚ್ ನೋಡಬೇಕು. ಆಟೊಮ್ಯಾಟಿಕ್ ಕಾರಾದರೆ ಗೇರು ‘ಪಾರ್ಕ್’ನಲ್ಲಿ ಪೂರ್ತಿ ಕೂತಿದೆಯೇ ಎಂಬುದು ಮೊದಲ ಪ್ರಶ್ನೆ.

ಹಾರ್ನ್ ಹೊಡೆಯುತ್ತದೆ, ಲೈಟ್ ಉರಿಯುತ್ತದೆ, ಹಾಗಾಗಿ ಬ್ಯಾಟರಿ ಸರಿಯಿದೆ ಎಂಬ ವಾದ ಎಲ್ಲ ಪಾರ್ಕಿಂಗ್ ಜಾಗಗಳಲ್ಲೂ ಕೇಳಿಬರುತ್ತದೆ. ಹೆಡ್‌ಲೈಟ್ ಜೋಡಿಗೆ ಹತ್ತು ಆಂಪಿಯರ್ ಆಸುಪಾಸು ಸಾಕು. ಸೆಲ್ಫ್ ಮೋಟರಿಗೆ ನೂರಕ್ಕೂ ಹೆಚ್ಚು ಬೇಕು. ಆದ್ದರಿಂದ ಅಳೆಯುವುದೇ ದಾರಿ. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ, ಪೂರ್ತಿ ಚಾರ್ಜಾದ ಬ್ಯಾಟರಿ ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ. ‘ಹನ್ನೆರಡು ಇದೆಯಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ, ಅಲ್ಲಿ ಉಳಿದಿರುವುದು ಕಾಲು ಭಾಗ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು, ಬಾರದಿದ್ದರೆ ತಪ್ಪು ಬ್ಯಾಟರಿಯದಲ್ಲ, ಗ್ಯಾರೇಜಿನವರು ಡೈನಮೋ ಎನ್ನುವ ಆಲ್ಟರ್ನೇಟರಿನ ಕಡೆಯದು.

ಬ್ಯಾಟರಿ ಗಟ್ಟಿಯಾಗಿದ್ದೂ ಸೆಲ್ಫ್ ತೆವಳುವ ಕಾರುಗಳಿವೆ. ಗ್ಯಾರೇಜುಗಳಲ್ಲಿ ಹೆಚ್ಚು ಹಣ ಪೋಲಾಗುವುದು ಇಂಥವುಗಳ ಮೇಲೆಯೇ. ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿ, ಸಡಿಲವಾದ ಕ್ಲಾಂಪ್, ಬಾಡಿಗೆ ಕೂಡಿಸಿದ ಅರ್ಥ್ ತಂತಿಯ ತುದಿಯ ತುಕ್ಕು ಇದರ ಮೂಲ. ಒಂದು ಓಮಿನ ನೂರರಲ್ಲೊಂದು ಭಾಗದಷ್ಟು ತಡೆ ಇದ್ದರೂ 150 ಆಂಪಿಯರ್ ಹರಿಯುವಾಗ ಅದು 1.5 ವೋಲ್ಟ್ ನುಂಗಿಬಿಡುತ್ತದೆ. ಪತ್ತೆ ಸುಲಭ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಬರಿಯ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಬೇಕು. 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ಕೆಟ್ಟಿದೆ. ಮದ್ದೂ ಅಗ್ಗದ್ದೇ. ನೆಗೆಟಿವ್ ಮೊದಲು ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಪಾಸಿಟಿವ್ ಮೊದಲು ಬಿಗಿದು ವ್ಯಾಸಲಿನ್ ಸವರಿದರೆ ಮುಗಿಯಿತು.

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಇಳಿದುಹೋಗುವ ಬ್ಯಾಟರಿಯ ಕಥೆ ಬೇರೆ. ನಿಂತ ಕಾರೂ ಗಡಿಯಾರ, ಅಲಾರಂಗಳಿಗೆ 50 ಮಿಲಿಆಂಪಿಯರ್‌ವರೆಗೆ ಕರೆಂಟ್ ಎಳೆಯುವುದು ಸಹಜ. ಆ ಲೆಕ್ಕದಲ್ಲಿ 35 ಆಂಪಿಯರ್-ಅವರ್ ಬ್ಯಾಟರಿ ಅರ್ಧವಾಗಲು ಎರಡು ವಾರ ಬೇಕು. ಅದು ಒಂದೇ ರಾತ್ರಿಯಲ್ಲಿ ಬರಿದಾದರೆ ಎಲ್ಲೋ ಸೋರಿಕೆಯಿದೆ: ಡಿಕ್ಕಿಯ ಆರದ ದೀಪ, ಹೊರಗಡೆ ಹಾಕಿಸಿದ ಸ್ಟೀರಿಯೊ. ಸೋರುವ ಕರೆಂಟನ್ನು ಅಳೆಯುತ್ತಾ ಒಂದೊಂದೇ ಫ್ಯೂಸ್ ಕಿತ್ತರೆ ಕಳ್ಳ ಸಿಕ್ಕಿಬೀಳುತ್ತಾನೆ.

ಬೇರೆ ಕಾರಿನಿಂದ ಜಂಪ್ ಕೊಡುವಾಗ ಕಪ್ಪು ಕೇಬಲಿನ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕಬಾರದು, ದೂರದ ಎಂಜಿನ್ ಲೋಹಕ್ಕೆ ಹಾಕಬೇಕು. ಬ್ಯಾಟರಿ ಬಿಡುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು.

ಇನ್ನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದ ಎಂಜಿನ್. ಇಲ್ಲಿ ಸೆಲ್ಫನ್ನು ಒಂದೇ ಸಮನೆ ಹೊಡೆಸಬಾರದು. ಹತ್ತು ಸೆಕೆಂಡ್ ಹೊಡೆಸಿ ಅರ್ಧ ನಿಮಿಷವಾದರೂ ಬಿಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿತ್ರದ ದೀಪ ಮಿನುಗುತ್ತಿದ್ದರೆ ಇಮ್ಮೊಬಿಲೈಸರ್ ಕೀಯನ್ನು ಗುರುತಿಸಿಲ್ಲ. ಪೆಟ್ರೋಲ್ ಕಾರಿನಲ್ಲಿ ಕೀ ಆನ್ ಮಾಡಿದೊಡನೆ ಹಿಂದಿನ ಸೀಟಿನ ಕಡೆಯಿಂದ ಪಂಪಿನ ಗುಂಯ್ ಸದ್ದು ಎರಡು ಸೆಕೆಂಡ್ ಕೇಳಬೇಕು. ಬೆಳಿಗ್ಗೆ ಮಾತ್ರ ಸತಾಯಿಸುವ ಕಾರಿನಲ್ಲಿ ಸೆಲ್ಫ್ ಹೊಡೆಸದೆ ಎರಡು ಮೂರು ಸಲ ಕೀ ಆನ್-ಆಫ್ ಮಾಡಿ ಆಮೇಲೆ ಸ್ಟಾರ್ಟ್ ಮಾಡಿದಾಗ ತಟ್ಟನೆ ಎದ್ದರೆ, ರಾತ್ರಿ ಪೈಪಿನ ಒತ್ತಡ ಸೋರಿಹೋಗುತ್ತಿದೆ ಎಂದರ್ಥ. ಬಿಸಿಯಾದಾಗ ಮಾತ್ರ ಕೈಕೊಡುವ ಕಾರಿನಲ್ಲಿ ಕ್ರ್ಯಾಂಕ್ ಸೆನ್ಸರನ್ನು ಮೊದಲು ಸಂಶಯಿಸುವುದು ವಾಡಿಕೆ. ಸ್ಕ್ಯಾನರ್ ಅದಕ್ಕೆ ಪಿ0335 ಎಂಬ ಕೋಡ್ ತೋರಿಸಬಹುದು. ಆದರೆ ಕೋಡ್ ಹೇಳುವುದು ಆ ಸರ್ಕ್ಯೂಟಿನಲ್ಲಿ ತೊಂದರೆಯಿದೆ ಎಂದಷ್ಟೇ. ಮಲೆನಾಡಿನ ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಸೇರಿದ ಇಲಿ ಕಡಿದ ತಂತಿಯೂ ಅದೇ ಕೋಡ್ ತರಿಸುತ್ತದೆ, ಹೊಸ ಸೆನ್ಸರ್ ಅದನ್ನು ಸರಿಪಡಿಸದು.

ಡೀಸೆಲ್ ಎಂಜಿನ್ನಿಗೆ ಕಿಡಿಯ ಗೊಡವೆಯಿಲ್ಲ, ಗಾಳಿಯ ಕಾಟವಿದೆ. ಫಿಲ್ಟರ್ ಬದಲಿಸಿದ ಮರುದಿನ ಸತಾಯಿಸಿದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ; ಕೈಪಂಪ್ ಇರುವ ಕಾರಿನಲ್ಲಿ ಅದು ಗಟ್ಟಿಯಾಗುವವರೆಗೆ ಒತ್ತಬೇಕು. ಚಳಿಯ ಬೆಳಗಿನಲ್ಲಿ ಬಿಳಿ ಹೊಗೆ ಉಗುಳಿ ನಿಲ್ಲುವುದು ಹೀಟರ್ ಪ್ಲಗ್ ಕೆಟ್ಟ ಲಕ್ಷಣ. ಸುರುಳಿ ಚಿತ್ರದ ದೀಪ ಆರುವ ಮುನ್ನ ಸೆಲ್ಫ್ ಹೊಡೆದರೂ ಹೀಗಾಗುತ್ತದೆ.

ಎಂಜಿನ್ ಎಂದಿಗಿಂತ ಹಗುರವಾಗಿ, ಏನೂ ಅಡ್ಡಿಯಿಲ್ಲದಂತೆ ಸರ್ರನೆ ತಿರುಗುತ್ತಿದ್ದರೆ ಟೈಮಿಂಗ್ ಬೆಲ್ಟ್ ಹರಿದಿರುವ ಸಾಧ್ಯತೆಯಿದೆ. ಆಗ ಮತ್ತೊಮ್ಮೆ ಕೀ ತಿರುಗಿಸಿದರೆ ಪಿಸ್ಟನ್ ವಾಲ್ವುಗಳಿಗೆ ಬಡಿದು ಇನ್ನಷ್ಟು ಹಾನಿಯಾಗಬಹುದು. ಅಂಥ ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲು ಹೋಗದೆ ಟೋ ಮಾಡಿಸಿ ಗ್ಯಾರೇಜಿಗೆ ಸಾಗಿಸಬೇಕು.